ಮಗು ನೋಡಿಕೊಳ್ಳುವ ಹುಡುಗಿಗೆ ಊಟ ಯಾರು ಬಡಿಸಬೇಕು?

ಹುಳಿಯಾರಿನಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರಿಗೆ ಬಸ್ ನಿಲ್ದಾಣದ ಬಳಿ ಅಂಗಡಿ. ಬಾಗಿಲು ಹಾಕುವುದು ರಾತ್ರಿ ಒಂಬತ್ತಕ್ಕೆ. ಮನೆಯಾಕೆ ನರ್ಸ್, ಮಧ್ಯಾಹ್ನದ ಪಾಳಿ ಮುಗಿಸಿ ಬಸ್ಸು ಹಿಡಿದು ಮನೆ ಸೇರುವಾಗ ಅವರಿಗೂ ಒಂಬತ್ತಾಗುತ್ತದೆ. ಮೂರೂವರೆ ವರ್ಷದ ಮಗು ನಾಲ್ಕರವರೆಗೆ ಅಂಗನವಾಡಿಯಲ್ಲಿರುತ್ತದೆ. ಆಮೇಲಿನ ಐದು ಗಂಟೆ ಅದನ್ನು ನೋಡಿಕೊಳ್ಳಲು ಪಕ್ಕದ ಬೀದಿಯ ಪದವಿ ವಿದ್ಯಾರ್ಥಿನಿಯೊಬ್ಬಳನ್ನು ಗೊತ್ತುಮಾಡಿದ್ದಾರೆ. ತಿಂಗಳ ಸಂಬಳ, ಬರುವ ಹೊತ್ತು, ಪರೀಕ್ಷೆಯ ದಿನಗಳ ರಜೆ, ಎಲ್ಲವೂ ಮಾತಾಗಿದೆ. ಹುಡುಗಿಯ ಊಟದ ಮಾತು ಮಾತ್ರ ಬಂದೇ ಇಲ್ಲ.

"ಊಟ ಮಾಡಿದೆಯೇನಮ್ಮ?" ಎಂದು ಒಂಬತ್ತು ಗಂಟೆಗೆ ಬಂದ ಮನೆಯಾಕೆ ಕೇಳುತ್ತಾರೆ.

"ಪರವಾಗಿಲ್ಲಕ್ಕ, ಮನೆಗೆ ಹೋಗಿ ಮಾಡ್ತೀನಿ."

"ಅಡುಗೆಮನೇಲಿ ಎಲ್ಲಾ ಇತ್ತಲ್ಲಮ್ಮ, ಹಾಕ್ಕೊಂಡು ತಿನ್ನೋದಲ್ವಾ?"

ಹುಡುಗಿ ನಕ್ಕು ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಬೇರೆಯವರ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ತಾನೇ ಬಡಿಸಿಕೊಳ್ಳುವ ಧೈರ್ಯ ನಮ್ಮ ಹಳ್ಳಿಯ ಎಷ್ಟು ಹುಡುಗಿಯರಿಗೆ ಇರುತ್ತದೆ? ಕರೆದು ಬಡಿಸಿದರೆ ಊಟ, ಇಲ್ಲದಿದ್ದರೆ ಸಂಕೋಚ.

ತೆಂಗಿನ ಸೀಮೆಗೆ ಈ ವಿಷಯ ಹೊಸದೇನಲ್ಲ. ಕಾಯಿ ಕೀಳುವವರನ್ನೋ ಸುಲಿಯುವವರನ್ನೋ ಕರೆಯುವಾಗ ಕಾಫಿ, ತಿಂಡಿ, ಊಟ ಯಾರದು ಎಂದು ಮೊದಲೇ ಮಾತಾಡಿಕೊಳ್ಳುತ್ತಾರೆ. ತೋಟದ ಕೆಲಸಕ್ಕೆ ಇರುವ ಈ ಸ್ಪಷ್ಟತೆ ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಏಕಿಲ್ಲ? ಅದನ್ನು ನಾವು ಕೆಲಸವೆಂದೇ ಎಣಿಸಿಲ್ಲ. ಹಿಂದೆ ಅಜ್ಜಿಯೋ ದೊಡ್ಡಮ್ಮನೋ ನೋಡಿಕೊಳ್ಳುತ್ತಿದ್ದರು. ಅವರು ಮನೆಯ ಪಂಕ್ತಿಯಲ್ಲೇ ಉಣ್ಣುತ್ತಿದ್ದರು.

ಹಸಿದ ಮೈ, ತೂಕಡಿಸುವ ಗಮನ

ಆ ವಿದ್ಯಾರ್ಥಿನಿಯ ದಿನವನ್ನು ಲೆಕ್ಕ ಹಾಕೋಣ. ಬೆಳಿಗ್ಗೆ ಎಂಟಕ್ಕೆ ತಿಂಡಿ, ಮಧ್ಯಾಹ್ನ ಒಂದಕ್ಕೆ ಡಬ್ಬಿಯ ಊಟ. ಅಕ್ಷರ ದಾಸೋಹದ ಬಿಸಿಯೂಟ 10ನೇ ತರಗತಿಗೇ ಮುಗಿಯುವುದರಿಂದ ಕಾಲೇಜಿನಲ್ಲಿ ಅದೂ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಊಟವಾಗಿ ಎಂಟು ಗಂಟೆ ಕಳೆದಿರುತ್ತದೆ. ಆ ಎಂಟರಲ್ಲಿ ಐದು ಗಂಟೆ ಒಂದು ತುಂಟ ಮಗುವಿನ ಹಿಂದೆ ಓಡಾಟ.

ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಅದೇ ಕೇಳುತ್ತದೆ. ಉಂಡದ್ದು ಕರಗಿದ ಮೇಲೆ ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜನ್ನನ್ನು ಗ್ಲೂಕೋಸಾಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಆದ್ದರಿಂದ ಒಂದು ಹೊತ್ತು ಬಿಟ್ಟವರೆಲ್ಲ ತಲೆಸುತ್ತಿ ಬೀಳುವುದಿಲ್ಲ. ಆದರೆ ತಾಳ್ಮೆ ಕಡಿಮೆಯಾಗುವುದು, ಸಿಡುಕು ಬರುವುದು, ಮನಸ್ಸು ಊಟದ ಕಡೆಗೇ ಹರಿಯುವುದು ಎಲ್ಲರ ಅನುಭವ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರಲ್ಲಿ ಸಿಡುಕು ಹೆಚ್ಚಿತು, ಏಕಾಗ್ರತೆ ತಪ್ಪಿತು, ಊಟದ ಯೋಚನೆಯೇ ತಲೆ ತುಂಬಿತು. ಒಂದು ಸಂಜೆಯ ಹಸಿವು ಅಷ್ಟು ದೊಡ್ಡದಲ್ಲ, ನಿಜ. ಆದರೆ ಬಾವಿಕಟ್ಟೆ, ಒಲೆ, ರಸ್ತೆ ಯಾವುದನ್ನೂ ಅರಿಯದ ಮಗುವಿಗೆ ಕಾವಲಿರುವವರ ಗಮನ ಒಂದು ನಿಮಿಷ ತಪ್ಪಿದರೂ ಅಪಾಯವೇ.

ಏನು ಕೊಡಬೇಕು?

ಮನೆಯವರಿಗೆ ಮಾಡಿದ್ದನ್ನೇ ಕೊಟ್ಟರೆ ಸಾಕು. ಸಂಜೆ ಬಂದೊಡನೆ ಒಂದು ಲೋಟ ಹಾಲೋ ಮಜ್ಜಿಗೆಯೋ, ಜೊತೆಗೆ ಅವಲಕ್ಕಿಯೋ ಬಾಳೆಹಣ್ಣೋ; ಎಂಟು ಗಂಟೆಗೆ ಮುದ್ದೆ, ಹುರುಳಿಕಾಳಿನ ಸಾರು, ಅನ್ನ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ; ಕಾಳಿನಲ್ಲಿ ಸಸಾರಜನಕವಿದೆ. ಬೆಳೆಯುವ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕೆ?

ಆದರೆ ಮಧ್ಯಾಹ್ನವೇ ಬಡಿಸಿ ಮುಚ್ಚಿಟ್ಟು ಹೋಗುವುದು ತರವಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಯನ್ನೂ ತಾಳಿ ಉಳಿಯಬಲ್ಲವು. ಅನ್ನ ಬೆಚ್ಚಗೆ ಉಳಿದಷ್ಟೂ ಅವು ಮೊಳೆತು ವಿಷ ಉಂಟುಮಾಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಕಾಯಿ ಅರೆದು ಹಾಕಿದ ಸಾರು, ಚಟ್ನಿ ಬೇಗ ಹಳಸುವುದೇಕೆ ಎಂಬುದನ್ನು ಮನೆಯ ಅಟ್ಟವೇ ಹೇಳುತ್ತದೆ. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೀರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿಯಲ್ಲಿ ಶೇ. 6–7 ಮಾತ್ರ. ನೀರಿದ್ದಲ್ಲಿ ಸೂಕ್ಷ್ಮಾಣು ಬೆಳೆಯುತ್ತದೆ. ಆದ್ದರಿಂದ ಅಡುಗೆಯನ್ನು ಆರಿಸಿ ಫ್ರಿಜ್ಜಿನಲ್ಲಿಟ್ಟು, ಉಣ್ಣುವಾಗ ಹಬೆಯಾಡುವಂತೆ ಬಿಸಿ ಮಾಡಿಕೊಳ್ಳಲು ಹೇಳಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಅಂಗಡಿಯಿಂದ ಯಜಮಾನರೇ ಹತ್ತು ನಿಮಿಷ ಬಂದು ಕುಕ್ಕರ್ ಇಟ್ಟು ಹೋದರೆ ಗಂಟೇನೂ ಹೋಗದು.

ಇನ್ನೊಂದು ಎಚ್ಚರಿಕೆ. ದೊಡ್ಡವರ ತಟ್ಟೆಗೆ ಮಗು ಕೈ ಹಾಕದೆ ಬಿಡುವುದಿಲ್ಲ. ಹುಡುಗಿಗೆಂದು ಇಟ್ಟ ಹುರಿದ ಕಡ್ಲೆಕಾಯಿ, ಕೊಬ್ಬರಿ ಚೂರು ಐದು ವರ್ಷದೊಳಗಿನ ಮಗುವಿನ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ಅಂಥ ತಿಂಡಿ ಆ ಹೊತ್ತಿನಲ್ಲಿ ಬೇಡ. ಒಂದು ವೇಳೆ ಸಿಕ್ಕಿಕೊಂಡು ಮಗು ಕೆಮ್ಮಲೂ ಅಳಲೂ ಆಗದಂತಾದರೆ, ಮುಂದಕ್ಕೆ ಬಾಗಿಸಿ ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಇಷ್ಟನ್ನು ಮೊದಲ ದಿನವೇ ಹೇಳಿಕೊಟ್ಟಿರಬೇಕು.

ಊಟ ಬೇರೆ, ಸಂಬಳ ಬೇರೆ

ಊಟ ಹಾಕುತ್ತೇವೆಂದು ಸಂಬಳ ಮುರಿಯುವವರೂ ಇದ್ದಾರೆ. ಹಿಂದೆ ಬಡವರ ಮನೆಯ ಹುಡುಗಿಯರನ್ನು "ಊಟ ಬಟ್ಟೆ" ಲೆಕ್ಕಕ್ಕೆ ಮಗು ಎತ್ತಿಕೊಳ್ಳಲು ಕಳಿಸುತ್ತಿದ್ದರು. ಆ ಹೊಟ್ಟೆಪಾಡು ಎಷ್ಟೋ ಹುಡುಗಿಯರ ಶಾಲೆಯನ್ನು ತಿಂದುಹಾಕಿತು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನವರನ್ನು ಮನೆಗೆಲಸಕ್ಕಿಡುವುದು ನಿಷಿದ್ಧವಾಯಿತು. 2016ರ ತಿದ್ದುಪಡಿ ಆ ವಯಸ್ಸಿನವರನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳಬಾರದೆಂದಿತು. ಏಳನೇ ತರಗತಿಯ ಹುಡುಗಿಯನ್ನು "ಊಟ ಹಾಕ್ತೀವಿ, ಕಳಿಸಿ" ಎಂದು ಕರೆಯುವುದು ಉಪಕಾರವಲ್ಲ, ಅಪರಾಧ.

ಮಗು ನೋಡಿಕೊಳ್ಳುವುದು ಕೂಲಿಗೆ ಅರ್ಹವಾದ ಕೆಲಸವೆಂದು ಸರ್ಕಾರಗಳೂ ಒಪ್ಪಿವೆ. ಕರ್ನಾಟಕವು 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿತು. 2005ರ ಉದ್ಯೋಗ ಖಾತರಿ ಕಾಯ್ದೆಯು, ಕಾಮಗಾರಿಯ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ವಿಧಿಸಿತು. ಮಣ್ಣು ಹೊರುವಷ್ಟೇ ಬೆಲೆ ಮಗುವನ್ನು ಕಾಯುವುದಕ್ಕೂ ಸಿಕ್ಕಿತು.

ಹಾಗಾದರೆ ತಂದೆತಾಯಿಗಳು ಮಾಡಬೇಕಾದದ್ದೇನು? ಸಂಬಳದ ಮಾತಿನ ಜೊತೆಗೇ "ಸಂಜೆಯ ತಿಂಡಿ, ರಾತ್ರಿಯ ಊಟ ನಮ್ಮದು, ಅದಕ್ಕೆ ಸಂಬಳ ಮುರಿಯುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಏನು ತಿನ್ನುವುದಿಲ್ಲ, ಯಾವ ವಾರ ಒಪ್ಪತ್ತು ಎಂದು ಕೇಳಿ. ಊಟವನ್ನು ಅವಳ ಹೆಸರಿನಲ್ಲೇ ತೆಗೆದಿಟ್ಟು ತೋರಿಸಿ ಹೋಗಿ. ಅವಳಿಗೆಂದು ಬೇರೆ ತಟ್ಟೆ-ಲೋಟ ಎತ್ತಿಡುವ ಹಳೆಯ ಚಾಳಿ ಬೇಡವೇ ಬೇಡ. ಮಗು ಅದನ್ನೂ ನೋಡಿ ಕಲಿಯುತ್ತದೆ.

ಇಂಥ ಕೆಲಸ ಮಾಡಿ ಓದುತ್ತಿರುವ ವಿದ್ಯಾರ್ಥಿನಿಯರೇ, ನೀವೂ ಸಂಕೋಚ ಬಿಟ್ಟು ಮೊದಲ ದಿನವೇ ಕೇಳಿ: "ಅಕ್ಕ, ರಾತ್ರಿ ಊಟ ಇಲ್ಲೇ ಮಾಡಲಾ, ಮನೆಯಿಂದ ಡಬ್ಬಿ ತರಲಾ?" ಎಂದು. ಉತ್ತರ ಯಾವುದಾದರೂ ಸರಿ, ಹಸಿದು ಕೂರುವುದು ತಪ್ಪುತ್ತದೆ. ಮಗುವಿಗೆ ತುತ್ತು ಕೊಡುವ ಹೊತ್ತಿಗೇ ನೀವೂ ಕುಳಿತು ಉಣ್ಣಿ. ಜೊತೆಯಲ್ಲಿ ಉಣ್ಣುವವರಿದ್ದರೆ ಹಟಮಾರಿ ಮಗುವೂ ಒಂದು ತುತ್ತು ಹೆಚ್ಚಿಗೆ ತಿನ್ನುತ್ತದೆ.