ಎರಡು ಪರ್ಸೆಂಟ್ ಏರಿತಂತೆ, ಹೌದೇ ಸ್ವಾಮಿ?

ಚುನಾವಣೆ ಬಂತೆಂದರೆ ಸಾಕು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೂ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆಯೂ ಒಂದೇ ಮಾತು. "ಸಮೀಕ್ಷೆ ನೋಡಿದ್ರಾ? ಅವರದ್ದು ಎರಡು ಪರ್ಸೆಂಟ್ ಇಳೀತಂತೆ, ಇವರದ್ದು ಎರಡು ಏರ್ತಂತೆ!" ಅಷ್ಟಕ್ಕೇ ಪಂದ್ಯ ಕಟ್ಟುವವರುಂಟು. "ನಮ್ಮೋರು ಹೆಂಗೂ ಗೆಲ್ತಾರೆ, ನಾನ್ಯಾಕೆ ಅಂಗಡಿ ಮುಚ್ಚಿ ಕ್ಯೂ ನಿಲ್ಲಲಿ?" ಎನ್ನುವವರೂ ಉಂಟು. ಈ ಎರಡು ಪರ್ಸೆಂಟನ್ನು ಒಮ್ಮೆ ತಕ್ಕಡಿಗೆ ಹಾಕಿಯೇ ನೋಡೋಣ.

ಮೂಟೆ ಅಕ್ಕಿ ಕೊಳ್ಳುವಾಗ ಕಾಳುಕಾಳು ಯಾರೂ ಎಣಿಸುವುದಿಲ್ಲ. ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು ನೋಡುತ್ತಾರೆ. ಸಮೀಕ್ಷೆಯೂ ಅಷ್ಟೇ. ಆದರೆ ಹಿಡಿಯ ಲೆಕ್ಕದಲ್ಲಿ ಸ್ವಲ್ಪ ತಪ್ಪು ಇದ್ದೇ ಇರುತ್ತದೆ. ಸರಿಯಾಗಿ ಆರಿಸಿದ ಸಾವಿರ ಮಂದಿಯನ್ನು ಕೇಳಿದರೂ ಸುಮಾರು 3 ಅಂಶ ಆಚೆ ಈಚೆ ಆಗಬಹುದು. ಎರಡು ಪಕ್ಷಗಳ ನಡುವಿನ ಅಂತರ ಲೆಕ್ಕ ಹಾಕಿದರೆ ಈ ತಪ್ಪು ಹೆಚ್ಚುಕಡಿಮೆ ಇಮ್ಮಡಿ! ಹೋದ ತಿಂಗಳು 38, ಈ ತಿಂಗಳು 36 ಎಂದರೆ ಜನರ ಮನಸ್ಸು ಬದಲಾಯಿತೋ, ಹಿಡಿ ಬದಲಾಯಿತೋ, ಹೇಳುವವರು ಯಾರು? ಇನ್ನು ಮೂಟೆಯ ಬಾಯಿಯಲ್ಲೇ ಹಿಡಿ ತೆಗೆದರೆ ತಳದ ಕಲ್ಲು ಕಾಣುವುದೇ ಇಲ್ಲ.

ಓಟು ಸರಿಯಾಗಿ ಹೇಳಿದರೂ ಸೀಟು ಹೇಳುವುದು ಇನ್ನೂ ಕಷ್ಟ. ನಮ್ಮ ರಾಜ್ಯದ್ದೇ ಖಾತೆ ತೆಗೆಯಿರಿ. 2013ರಲ್ಲಿ ಕಾಂಗ್ರೆಸ್ಸಿಗೆ ಬಂದದ್ದು ನೂರಕ್ಕೆ 36.6 ಓಟು, 122 ಸೀಟು. 2018ರಲ್ಲಿ ಓಟು 38.1ಕ್ಕೆ ಏರಿತು. ಸೀಟು? ಮೊದಲು ನಡೆದ 222 ಕ್ಷೇತ್ರಗಳಲ್ಲಿ 78ಕ್ಕೆ ಇಳಿಯಿತು! 2013ರಲ್ಲಿ ಒಡೆದು ಹೋಗಿದ್ದ ಬಿಜೆಪಿ ಅಷ್ಟರಲ್ಲಿ ಒಂದಾಗಿತ್ತು. 36.3 ಓಟಿಗೇ 104 ಸೀಟು ಬಾಚಿತು. 2023ರಲ್ಲಿ ಬಿಜೆಪಿಯ ಓಟು ಹೆಚ್ಚುಕಡಿಮೆ ಅಷ್ಟೇ, 36. ಸೀಟು ಮಾತ್ರ 66. ಯಾಕೆ? ಜನತಾದಳದ ಓಟು 18.3ರಿಂದ 13.3ಕ್ಕೆ ಕುಸಿದಿತ್ತು, ಕಾಂಗ್ರೆಸ್ಸಿನದು 42.9ಕ್ಕೆ ಜಿಗಿದಿತ್ತು. ಒಬ್ಬನ ಓಟು ಅಲ್ಲಾಡಲಿಲ್ಲ, ಪಕ್ಕದವನ ಕಡೆ ಗುಂಪು ಸೇರಿತು. ಅದೇ ಆಟ ಕೆಡಿಸಿತು.

ನಂಬಿ ಕೆಟ್ಟವರೂ ಇದ್ದಾರೆ. 2024ರ ಲೋಕಸಭಾ ಚುನಾವಣೆಯ ಕೊನೆಗೆ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಸೀಟು ಎಂದವು. ಜೂನ್ 3ರಂದು ಸೆನ್ಸೆಕ್ಸ್ 2,500 ಅಂಶ ಹಾರಿತು. ಮರುದಿನ ಎಣಿಕೆಯಾಯಿತು, ಎನ್‌ಡಿಎಗೆ 293, ಬಿಜೆಪಿಗೆ ಒಂಟಿಯಾಗಿ 240. ಅಂದು ಸೆನ್ಸೆಕ್ಸ್ 4,300ಕ್ಕೂ ಹೆಚ್ಚು ಅಂಶ ನೆಲಕಚ್ಚಿತು. ಸರಕಾರವೇನೋ ಅದೇ ಬಂತು. ಮೊದಲ ದಿನ ಕೊಂಡವನ ಕೈ ಸುಟ್ಟದ್ದೂ ನಿಜ.

ಹಾಗಾದರೆ ಸಮೀಕ್ಷೆ ಓದಲೇಬಾರದೇ? ಓದಿ ಸ್ವಾಮಿ, ವ್ಯಾಪಾರಿಯ ಕಣ್ಣಿಟ್ಟು ಓದಿ. ಎಷ್ಟು ಜನರನ್ನು, ಯಾವಾಗ, ಎಲ್ಲೆಲ್ಲಿ ಕೇಳಿದರು ನೋಡಿ. ಒಂದೇ ಸಂಸ್ಥೆಯ ಹೊಸದನ್ನು ಅದರ ಹಳೆಯದರ ಜೊತೆ ಹೋಲಿಸಿ. ಬೇರೆ ಬೇರೆ ಅಂಗಡಿಯ ತಕ್ಕಡಿ ಬೆರೆಸಬೇಡಿ. ಮೂರು ನಾಲ್ಕು ಸಮೀಕ್ಷೆ ಒಂದೇ ದಿಕ್ಕಿಗೆ ವಾಲಿದರೆ ಆಗ ಗಾಳಿ ಬೀಸಿದೆ ಎನ್ನಿ. "ಇನ್ನೂ ತೀರ್ಮಾನಿಸಿಲ್ಲ" ಎಂದವರು ಎಷ್ಟು ಮಂದಿ ಎಂಬುದನ್ನಂತೂ ಮರೆಯಬೇಡಿ.

ಕೊನೆಗೊಂದು ಮಾತು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಎಷ್ಟು ಓಟಿನಿಂದ ಗೊತ್ತೇ? ಒಂದೇ ಒಂದು! ಯಾವ ಸಮೀಕ್ಷೆಯ ಹಿಡಿಗೂ ಸಿಗದ ಕಾಳು ಅದು. ಆದ್ದರಿಂದ ಲೆಕ್ಕ ಏನೇ ಹೇಳಲಿ, ಮತದಾನದ ದಿನ ಅರ್ಧ ಗಂಟೆ ಅಂಗಡಿ ಬಾಗಿಲು ಹಾಕಿ ಹೋಗಿಬನ್ನಿ.