ಯಂತ್ರ ಮಾರಲು ಹುಟ್ಟಿದ ಮಳಿಗೆ: ಬರ್ಗರ್ ಶೆಫ್ ಸರಣಿಯ ಏಳುಬೀಳು

ಮಾರಾಟ ಹೆಚ್ಚಿದಂತೆ ಲಾಭವೂ ಹೆಚ್ಚುತ್ತದೆ, ಶಾಖೆಗಳು ಹೆಚ್ಚಿದಂತೆ ಸಂಸ್ಥೆ ಬಲಗೊಳ್ಳುತ್ತದೆ ಎಂಬುದು ವ್ಯಾಪಾರಸ್ಥರಲ್ಲಿ ಸಾಮಾನ್ಯವಾಗಿ ಬೇರೂರಿರುವ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸಲು ಅಮೆರಿಕದ ಬರ್ಗರ್ ಶೆಫ್ ಎಂಬ ಫಾಸ್ಟ್ ಫುಡ್ ಸರಣಿಯ ಇತಿಹಾಸಕ್ಕಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ. ಇಂಡಿಯಾನಾ ರಾಜ್ಯದ ಒಂದು ನಗರದಲ್ಲಿ ಹುಟ್ಟಿದ ಈ ಸರಣಿ ಹದಿನೈದು ವರ್ಷಗಳೊಳಗೆ ಮಳಿಗೆಗಳ ಸಂಖ್ಯೆಯಲ್ಲಿ ಮೆಕ್‌ಡೊನಾಲ್ಡ್ಸ್‌ಗೆ ಎರಡನೆಯದಾಗಿ ನಿಂತಿತು. ಮತ್ತೆ ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಅದರ ಹೆಸರಿನ ಫಲಕವೇ ಉಳಿಯಲಿಲ್ಲ. ಅದರ ಆರಂಭ ಅಡುಗೆಮನೆಯಲ್ಲಿ ಆಗದೆ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಆದುದರಿಂದ ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ಕಥೆ ವಿಶೇಷವಾಗಿ ಅನ್ವಯಿಸುತ್ತದೆ.

ಕಾರ್ಖಾನೆಯಿಂದ ಉಪಾಹಾರ ಗೃಹಕ್ಕೆ

ಇಂಡಿಯಾನಾಪೊಲಿಸ್ ನಗರದ ಜನರಲ್ ಎಕ್ವಿಪ್‌ಮೆಂಟ್ ಎಂಬ ಸಂಸ್ಥೆ ಥಾಮಸ್ ಕುಟುಂಬದ ಒಡೆತನದಲ್ಲಿತ್ತು. ಮಿಲ್ಕ್‌ಶೇಕ್ ಮತ್ತು ಐಸ್‌ಕ್ರೀಮ್ ಮಾದರಿಯ ತಿನಿಸುಗಳನ್ನು ಸಿದ್ಧಪಡಿಸುವ ಯಂತ್ರಗಳ ತಯಾರಿಕೆ ಅದರ ಮುಖ್ಯ ಉದ್ಯೋಗವಾಗಿತ್ತು. 1950ರ ದಶಕದಲ್ಲಿ ಈ ಸಂಸ್ಥೆ, ಚಲಿಸುವ ಸರಪಳಿಯ ಮೇಲೆ ಸಾಗುತ್ತಲೇ ಬರ್ಗರ್ ತುಂಡುಗಳು ಬೆಂಕಿಯ ಜ್ವಾಲೆಯಲ್ಲಿ ಬೇಯುವಂತೆ ಮಾಡುವ ಯಂತ್ರವೊಂದನ್ನು ರೂಪಿಸಿತು. ಕಾವಲಿಯ ಮುಂದೆ ನಿಂತು ಒಂದೊಂದನ್ನೇ ಮಗುಚುವ ಕೆಲಸ ಇದರಿಂದ ತಪ್ಪಿತು. ನುರಿತ ಅಡುಗೆಯವನಿಲ್ಲದೆಯೇ ಗಂಟೆಗೆ ನೂರಾರು ಬರ್ಗರ್‌ಗಳನ್ನು ಒಂದೇ ಹದದಲ್ಲಿ ಬೇಯಿಸುವುದು ಸಾಧ್ಯವಾಯಿತು.

ಇಂತಹ ಯಂತ್ರಗಳ ಉಪಯುಕ್ತತೆಯನ್ನು ತೋರಿಸಲು ತಾವೇ ಒಂದು ಮಳಿಗೆ ನಡೆಸುವುದು ಲೇಸೆಂದು ಫ್ರಾಂಕ್ ಮತ್ತು ಡೊನಾಲ್ಡ್ ಥಾಮಸ್ ಸಹೋದರರು ನಿರ್ಧರಿಸಿದರು. 1958ರ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಬರ್ಗರ್ ಶೆಫ್ ಮಳಿಗೆ ನಡೆಯತೊಡಗಿತು. 15 ಸೆಂಟ್‌ಗೆ ಒಂದು ಬರ್ಗರ್, 45 ಸೆಂಟ್‌ಗೆ ಬರ್ಗರ್, ಹುರಿದ ಆಲೂಗಡ್ಡೆ ಹಾಗೂ ಮಿಲ್ಕ್‌ಶೇಕ್ ಸೇರಿದ ಪೂರ್ಣ ಊಟ ಎಂಬ ದರಪಟ್ಟಿ ಸಾಮಾನ್ಯ ಕುಟುಂಬಗಳನ್ನು ಸೆಳೆಯಿತು.

ಅನಂತರದ ಬೆಳವಣಿಗೆ ಫ್ರಾಂಚೈಸಿ ಪದ್ಧತಿಯ ಮೂಲಕ ನಡೆಯಿತು. ಸ್ಥಳೀಯ ವ್ಯಾಪಾರಿ ತನ್ನ ಬಂಡವಾಳ ಹೂಡುತ್ತಾನೆ. ಮೂಲ ಸಂಸ್ಥೆ ತನ್ನ ಹೆಸರು, ವಿಧಾನ ಮತ್ತು ಯಂತ್ರಗಳನ್ನು ಒದಗಿಸುತ್ತದೆ. ಬೇರೆ ಸರಣಿಗಳು ಯಂತ್ರಗಳನ್ನು ಹೊರಗಿನಿಂದ ಕೊಳ್ಳಬೇಕಾಗಿದ್ದಾಗ ಬರ್ಗರ್ ಶೆಫ್ ತನ್ನ ಕಾರ್ಖಾನೆಯಿಂದಲೇ ಪೂರೈಸುತ್ತಿತ್ತು. ಹೊಸ ಮಳಿಗೆಯೊಂದು ತೆರೆದರೆ ಕಾರ್ಖಾನೆಗೆ ಹೊಸ ಗಿರಾಕಿಯೊಬ್ಬ ದೊರೆತಂತೆ. ಸರಣಿಯ ಶಕ್ತಿ ಇರುವುದು ಇಲ್ಲಿಯೇ. ಅದರ ಅಪಾಯ ಅಡಗಿರುವುದೂ ಇಲ್ಲಿಯೇ. ಹೊಸ ಮಳಿಗೆ ತೆರೆಯುವುದರಿಂದಲೇ ಆದಾಯ ಬರುವಾಗ, ತೆರೆದ ಮಳಿಗೆ ಲಾಭದಲ್ಲಿ ನಡೆಯುತ್ತಿದೆಯೇ ಎಂಬ ಪ್ರಶ್ನೆ ಹಿಂದೆ ಸರಿಯುವ ಸಂಭವವಿರುತ್ತದೆ.

ದೊಡ್ಡ ಸಂಸ್ಥೆಯ ಕೈಗೆ

1968ರಲ್ಲಿ ಥಾಮಸ್ ಕುಟುಂಬ ಬರ್ಗರ್ ಶೆಫ್ ಅನ್ನು ಜನರಲ್ ಫುಡ್ಸ್ ಸಂಸ್ಥೆಗೆ ಮಾರಿತು. ಮ್ಯಾಕ್ಸ್‌ವೆಲ್ ಹೌಸ್ ಕಾಫಿ, ಜೆಲ್‌-ಓ ಮುಂತಾದ ಪೊಟ್ಟಣದ ಸರಕುಗಳಿಂದ ಮನೆಮಾತಾಗಿದ್ದ ಸಂಸ್ಥೆ ಅದು. ಬಂಡವಾಳಕ್ಕೆ ಕೊರತೆಯಿರಲಿಲ್ಲ. ಮಳಿಗೆಗಳು ಭರದಿಂದ ಏರಿದವು. 1970ರ ದಶಕದ ಆರಂಭಕ್ಕೆ ಅವುಗಳ ಸಂಖ್ಯೆ ಒಂದು ಸಾವಿರವನ್ನು ದಾಟಿತು.

ಆದರೆ ಪೊಟ್ಟಣದ ಸರಕಿನ ವ್ಯಾಪಾರ ಬೇರೆ, ಬಿಸಿ ತಿನಿಸಿನ ವ್ಯಾಪಾರ ಬೇರೆ. ಕಾಫಿಪುಡಿಯ ಗುಣಮಟ್ಟವನ್ನು ಕಾರ್ಖಾನೆಯಲ್ಲಿ ಒಮ್ಮೆ ನಿಗದಿಪಡಿಸಿದರೆ ಅದು ಗಿರಾಕಿಯ ಮನೆ ತಲುಪುವವರೆಗೆ ಬದಲಾಗದು. ಉಪಾಹಾರ ಗೃಹದಲ್ಲಿ ಗುಣಮಟ್ಟ ದಿನಕ್ಕೆ ನೂರಾರು ಬಾರಿ, ಪ್ರತಿಯೊಂದು ಮಳಿಗೆಯಲ್ಲಿ, ಕೆಲಸಗಾರನ ಕೈಯಲ್ಲಿ ಹೊಸದಾಗಿ ನಿರ್ಧಾರವಾಗುತ್ತದೆ. ಜಾಗದ ಆಯ್ಕೆ, ಮೇಲ್ವಿಚಾರಕರ ತರಬೇತಿ, ನಿತ್ಯದ ತಪಾಸಣೆ ಇವು ಮಳಿಗೆಗಳ ಸಂಖ್ಯೆಯಷ್ಟೇ ವೇಗವಾಗಿ ಬೆಳೆಯಲಿಲ್ಲ. ಪರಿಣಾಮವಾಗಿ, ಕೊಂಡ ಕೆಲವೇ ವರ್ಷಗಳಲ್ಲಿ ಜನರಲ್ ಫುಡ್ಸ್ ಅನೇಕ ಮಳಿಗೆಗಳನ್ನು ಮುಚ್ಚಿ, ಕೋಟ್ಯಂತರ ಡಾಲರ್‌ಗಳ ಹೂಡಿಕೆಯನ್ನು ಲೆಕ್ಕಪುಸ್ತಕದಿಂದ ತೆಗೆದುಹಾಕಿ ನಷ್ಟವೆಂದು ತೋರಿಸಬೇಕಾಯಿತು.

ದೊಡ್ಡ ಸಂಸ್ಥೆಯ ಒಡೆತನವೊಂದನ್ನೇ ಇದಕ್ಕೆ ಕಾರಣವೆನ್ನುವುದು ಸರಿಯಾಗದು. ಬರ್ಗರ್ ಕಿಂಗ್ ಸರಣಿಯನ್ನು 1967ರಲ್ಲಿ ಪಿಲ್ಸ್‌ಬರಿ ಎಂಬ ಹಿಟ್ಟಿನ ಸಂಸ್ಥೆ ಕೊಂಡಿತ್ತು; ಅದು ಉಳಿದು ಬೆಳೆಯಿತು. ಮೆಕ್‌ಡೊನಾಲ್ಡ್ಸ್ 1956ರಲ್ಲಿಯೇ ಪ್ರತ್ಯೇಕ ಭೂವ್ಯವಹಾರ ಸಂಸ್ಥೆಯೊಂದನ್ನು ಸ್ಥಾಪಿಸಿ, ಜಾಗವನ್ನು ತಾನೇ ಪಡೆದು ಫ್ರಾಂಚೈಸಿದಾರನಿಗೆ ಬಾಡಿಗೆಗೆ ಕೊಡುವ ಪದ್ಧತಿ ತಂದಿತು. ಬಾಡಿಗೆ ಕೈತಪ್ಪಬಾರದೆಂದಾದರೆ ಆ ಜಾಗದಲ್ಲಿ ವ್ಯಾಪಾರ ನಡೆಯಲೇಬೇಕು. ಹೀಗೆ ಮೂಲ ಸಂಸ್ಥೆಯ ಹಿತ ಮಳಿಗೆಯ ಬಾಳಿಕೆಯೊಂದಿಗೆ ಬೆಸೆದುಕೊಂಡಿತು. ಯಂತ್ರ ಮಾರಾಟದಿಂದ ಬರುವ ಹಣ ಒಮ್ಮೆ ಬರುವಂಥದು. ಬಾಡಿಗೆ ತಿಂಗಳು ತಿಂಗಳೂ ಬರುವಂಥದು.

ಲೆಕ್ಕ ಹೇಳುವ ಮಾತು

ಶಾಖೆ ಹೆಚ್ಚಿದರೂ ಲಾಭ ಕರಗುವ ಬಗೆಯನ್ನು ತಿಳಿಯಲು ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. ಫ್ರಾಂಚೈಸಿದಾರನೊಬ್ಬನ ಮಳಿಗೆಯ ತಿಂಗಳ ಮಾರಾಟ 4,00,000 ರೂ. ಎಂದಿಟ್ಟುಕೊಳ್ಳೋಣ. ಕಚ್ಚಾ ಸಾಮಗ್ರಿಗೆ ಶೇ. 40, ಅಂದರೆ 1,60,000 ರೂ. ಕಳೆದರೆ 2,40,000 ರೂ. ಉಳಿಯುತ್ತದೆ. ಬಾಡಿಗೆ, ಸಂಬಳ, ವಿದ್ಯುತ್, ಸಾಲದ ಕಂತು ಸೇರಿದ ಸ್ಥಿರ ವೆಚ್ಚ 1,80,000 ರೂ. ಮಾರಾಟದ ಮೇಲೆ ಶೇ. 5ರ ರಾಯಲ್ಟಿ 20,000 ರೂ. ಇವೆಲ್ಲವನ್ನೂ ಕಳೆದು ಕೈಗುಳಿಯುವುದು 40,000 ರೂ.

ಅವನು ಅದೇ ಪ್ರದೇಶದಲ್ಲಿ ಎರಡನೆಯ ಮಳಿಗೆ ತೆರೆದನೆನ್ನೋಣ. ಗಿರಾಕಿಗಳು ಹಂಚಿಹೋಗುವುದರಿಂದ ಒಟ್ಟು ಮಾರಾಟ ಇಮ್ಮಡಿಯಾಗದೆ 5,60,000 ರೂ.ಗೆ ನಿಲ್ಲುತ್ತದೆ. ಸಾಮಗ್ರಿ ವೆಚ್ಚ ಕಳೆದರೆ 3,36,000 ರೂ. ಸ್ಥಿರ ವೆಚ್ಚವಾದರೋ ಇಮ್ಮಡಿಯಾಗಿ 3,60,000 ರೂ. ರಾಯಲ್ಟಿ 28,000 ರೂ. ಈಗ ತಿಂಗಳಿಗೆ 52,000 ರೂ. ನಷ್ಟ. ಮಾರಾಟ ಶೇ. 40ರಷ್ಟು ಏರಿದೆ, 40,000 ರೂ. ಲಾಭವಿದ್ದಲ್ಲಿ ನಷ್ಟ ಬಂದು ಕುಳಿತಿದೆ.

ಇನ್ನೂ ಗಮನಿಸಬೇಕಾದ ಅಂಶವೆಂದರೆ, ಮೂಲ ಸಂಸ್ಥೆಯ ರಾಯಲ್ಟಿ ಮಾತ್ರ 20,000ದಿಂದ 28,000 ರೂ.ಗೆ ಏರಿದೆ. ಅದರ ಲಾಭ-ನಷ್ಟ ಖಾತೆಯಲ್ಲಿ ಎಲ್ಲವೂ ಸುಗಮವಾಗಿಯೇ ಕಾಣುತ್ತದೆ. ಫ್ರಾಂಚೈಸಿದಾರ ಬಾಗಿಲು ಮುಚ್ಚುವ ದಿನ ಬಂದಾಗಲೇ ಸತ್ಯ ಹೊರಬೀಳುವುದು. ಒಟ್ಟು ಮಾರಾಟವನ್ನಷ್ಟೇ ನೋಡದೆ ಪ್ರತಿ ಮಳಿಗೆಯ ಲೆಕ್ಕವನ್ನು ಪ್ರತ್ಯೇಕವಾಗಿ ಇಡಬೇಕೆನ್ನುವುದು ಈ ಕಾರಣದಿಂದಲೇ.

ಚೇತರಿಕೆಯ ಯತ್ನ, ಕೊನೆಯ ಅಧ್ಯಾಯ

ಬರ್ಗರ್ ಶೆಫ್‌ಗೆ ಹೊಸ ಆಲೋಚನೆಗಳ ಕೊರತೆಯಿರಲಿಲ್ಲವೆಂಬುದನ್ನೂ ಹೇಳಲೇಬೇಕು. ಗಿರಾಕಿ ತನ್ನ ಬರ್ಗರ್‌ಗೆ ಬೇಕಾದ ತರಕಾರಿ, ಸಾಸ್‌ಗಳನ್ನು ತಾನೇ ಹಾಕಿಕೊಳ್ಳುವ ವ್ಯವಸ್ಥೆಯನ್ನು ಅದು ತಂದಿತು. 1973ರಲ್ಲಿ ಮಕ್ಕಳಿಗಾಗಿ ಪುಟ್ಟ ಊಟ, ಆಟಿಕೆ, ಒಗಟುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ‘ಫನ್‌ಮೀಲ್’ ಎಂಬ ಹೆಸರಿನಲ್ಲಿ ಮಾರಿತು. ಮೆಕ್‌ಡೊನಾಲ್ಡ್ಸ್ ತನ್ನ ‘ಹ್ಯಾಪಿ ಮೀಲ್’ ಅನ್ನು ಅಮೆರಿಕದಾದ್ಯಂತ ತಂದದ್ದು 1979ರಲ್ಲಿ. ಇಂದು ಲೋಕಕ್ಕೆ ನೆನಪಿರುವುದು ಎರಡನೆಯ ಹೆಸರು ಮಾತ್ರ. ಯಂತ್ರಕ್ಕೆ ಪೇಟೆಂಟ್ ಪಡೆಯಬಹುದು. ಊಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ವಿಚಾರವನ್ನು ಬೀಗ ಹಾಕಿ ಇಡಲಾಗದು. ಅಂತಹ ವಿಚಾರದ ಫಲ ಮೊದಲು ಯೋಚಿಸಿದವನಿಗಿಂತ ಹೆಚ್ಚು ಸಮರ್ಥವಾಗಿ ಜಾರಿಗೆ ತಂದವನ ಪಾಲಾಗುತ್ತದೆ.

ಈ ನಡುವೆ 1969ರಲ್ಲಿ ನೆರೆಯ ಒಹಾಯೊ ರಾಜ್ಯದಲ್ಲಿ ಆರಂಭವಾದ ವೆಂಡೀಸ್ ಕೂಡ ಪ್ರಬಲ ಸ್ಪರ್ಧಿಯಾಗಿ ಬೆಳೆದಿತ್ತು. ಕೊನೆಗೆ ಜನರಲ್ ಫುಡ್ಸ್ 1982ರಲ್ಲಿ ಬರ್ಗರ್ ಶೆಫ್ ಅನ್ನು ಹಾರ್ಡೀಸ್ ಸರಣಿಯ ಒಡೆತನ ಹೊಂದಿದ್ದ ಕೆನಡಾದ ಇಮಾಸ್ಕೊ ಸಂಸ್ಥೆಗೆ ಮಾರಿತು. ಕೊಂಡವರಿಗೆ ಬೇಕಾಗಿದ್ದುದು ಕಟ್ಟಡಗಳು ಮತ್ತು ಜಾಗಗಳು, ಹೆಸರಲ್ಲ. ಅನೇಕ ಮಳಿಗೆಗಳು ಹಾರ್ಡೀಸ್ ಆಗಿ ಬದಲಾದವು, ಉಳಿದವು ಮುಚ್ಚಿದವು. ಟೆನೆಸಿ ರಾಜ್ಯದ ಕುಕ್‌ವಿಲ್‌ನಲ್ಲಿ ಉಳಿದಿದ್ದ ಕೊನೆಯ ಬರ್ಗರ್ ಶೆಫ್ 1996ರಲ್ಲಿ ಆ ಹೆಸರನ್ನು ಕಳೆದುಕೊಂಡಿತು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಹೊಸ ಶಾಖೆಯ ಯೋಜನೆ ರೂಪಿಸುವಾಗ ಅದು ಹಳೆಯ ಶಾಖೆಯಿಂದ ಕಸಿಯುವ ವ್ಯಾಪಾರವೆಷ್ಟು, ಹೊಸದಾಗಿ ತರುವ ವ್ಯಾಪಾರವೆಷ್ಟು ಎಂಬುದನ್ನು ಬೇರ್ಪಡಿಸಿ ಅಂದಾಜಿಸಬೇಕು.

2. ಫ್ರಾಂಚೈಸಿ ಕೊಡುವವರು ತಮ್ಮ ಆದಾಯದಲ್ಲಿ ಪ್ರವೇಶ ಶುಲ್ಕ ಮತ್ತು ಯಂತ್ರ ಮಾರಾಟದ ಪಾಲೆಷ್ಟು, ನಡೆಯುತ್ತಿರುವ ಮಳಿಗೆಗಳಿಂದ ಬರುವ ಪಾಲೆಷ್ಟು ಎಂಬುದನ್ನು ವರ್ಷಂಪ್ರತಿ ಪರಿಶೀಲಿಸಬೇಕು. ಮೊದಲನೆಯದೇ ಹೆಚ್ಚಾಗಿದ್ದರೆ ಅದು ಎಚ್ಚರಿಕೆಯ ಗಂಟೆ.

3. ಫ್ರಾಂಚೈಸಿ ಪಡೆಯುವವರು ಮೂಲ ಸಂಸ್ಥೆಯ ಒಟ್ಟು ವಹಿವಾಟನ್ನು ಕಂಡು ಮರುಳಾಗದೆ, ನಡೆಯುತ್ತಿರುವ ಎರಡು ಮೂರು ಮಳಿಗೆಗಳ ಲೆಕ್ಕ ಕೇಳಿ ನೋಡಬೇಕು. ತಮ್ಮ ಸಮೀಪದಲ್ಲಿ ಮತ್ತೊಂದು ಮಳಿಗೆಗೆ ಅನುಮತಿ ಕೊಡಬಾರದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಮುಖ್ಯವಾಗಿ 1872ರ ಕರಾರು ಕಾಯಿದೆ ಮತ್ತು 1999ರ ಟ್ರೇಡ್ ಮಾರ್ಕ್ ಕಾಯಿದೆಗಳೇ ಆಧಾರವಾಗಿರುವುದರಿಂದ ಕರಾರಿನ ಒಂದೊಂದು ಪದಕ್ಕೂ ಬೆಲೆಯಿದೆ.

4. ನಷ್ಟದ ಶಾಖೆಯನ್ನು ಪ್ರತಿಷ್ಠೆಗಾಗಿ ಉಳಿಸಿಕೊಳ್ಳುವುದು ಲಾಭದ ಶಾಖೆಯ ಗಳಿಕೆಯನ್ನು ಕರಗಿಸಿದಂತೆ. ಮುಚ್ಚುವ ನಿರ್ಧಾರವನ್ನು ಯಾವ ಮಟ್ಟದಲ್ಲಿ ಕೈಗೊಳ್ಳಬೇಕೆಂಬುದನ್ನು ತೆರೆಯುವ ದಿನವೇ ಬರೆದಿಡುವುದು ವಿವೇಕ.

ಗಂಟೆಗೆ ನೂರಾರು ಬರ್ಗರ್ ಬೇಯಿಸುವ ಯಂತ್ರವನ್ನು ಇಂಡಿಯಾನಾಪೊಲಿಸ್‌ನ ಸಹೋದರರು ಮಾಡಿ ತೋರಿಸಿದರು. ಅಷ್ಟೇ ವೇಗದಲ್ಲಿ ಒಳ್ಳೆಯ ಜಾಗಗಳನ್ನು ಆಯ್ದು, ಒಳ್ಳೆಯ ಮೇಲ್ವಿಚಾರಕರನ್ನು ಸಿದ್ಧಪಡಿಸುವ ಯಂತ್ರ ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವುದಿಲ್ಲ. ಆ ಕೆಲಸಕ್ಕೆ ಬೇಕಾಗುವಷ್ಟು ಕಾಲವನ್ನು ಉದ್ಯಮಿ ಕೊಡಲೇಬೇಕು. ಶಾಖೆಗಳ ಸಂಖ್ಯೆ ಅದರ ಹಿಂದೆ ಬರಬೇಕೇ ಹೊರತು ಮುಂದೆ ಓಡಬಾರದು.