ಚಿತ್ರ ಕಂಡಿತು, ಮಾತು ಕೇಳಲಿಲ್ಲ!

ಶಾಲೆಯ ವಾರ್ಷಿಕೋತ್ಸವದ ವಿಡಿಯೊ, ಮನೆಯ ತೊಟ್ಟಿಲ ಕಾರ್ಯಕ್ರಮದ ವಿಡಿಯೊ, ವಿಜ್ಞಾನ ಮಾದರಿ ಸ್ಪರ್ಧೆಗೆಂದು ಮಕ್ಕಳೇ ಮೊಬೈಲಿನಲ್ಲಿ ತೆಗೆದ ಮೂರು ನಿಮಿಷದ ವಿಡಿಯೊ – ಯಾವುದಾದರೂ ಒಂದನ್ನು ಎರಡು ಸಲ ಹಚ್ಚಿ ನೋಡಿ. ಮೊದಲ ಸಲ ಧ್ವನಿಯನ್ನು ಪೂರ್ತಿ ಬಂದ್ ಮಾಡಿ ಚಿತ್ರವನ್ನಷ್ಟೇ ನೋಡಿರಿ. ಎರಡನೆಯ ಸಲ ಮೊಬೈಲನ್ನು ಬೋರಲು ಹಾಕಿ ಧ್ವನಿಯನ್ನಷ್ಟೇ ಕೇಳಿರಿ. ಚಿತ್ರ ತುಸು ಅಲುಗಾಡಿದ್ದರೂ, ಬೆಳಕು ಕಡಿಮೆಯಿದ್ದರೂ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಧ್ವನಿ ಮಾತ್ರ ಬಾವಿಯೊಳಗಿಂದ ಬಂದಂತೆ! ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಏನು ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ.

ಇದಕ್ಕೆ ಮೊಬೈಲು ಅಗ್ಗದ್ದು ಎಂಬುದು ಕಾರಣವಲ್ಲ. ಹೆಚ್ಚಿನ ಬೆಲೆಯ ಕ್ಯಾಮೆರಾ ತಂದರೂ ಇದೇ ಗತಿ. ಕಣ್ಣಿಗೆ ಒಳ್ಳೆಯ ಜಾಗ ಬೇರೆ, ಕಿವಿಗೆ ಒಳ್ಳೆಯ ಜಾಗ ಬೇರೆ. ಇಡೀ ದೃಶ್ಯ ಕಾಣಬೇಕಾದರೆ ಕ್ಯಾಮೆರಾ ಹತ್ತು ಅಡಿ ದೂರ ಹೋಗಬೇಕು. ಮಾತು ಕೇಳಬೇಕಾದರೆ ಮೈಕು ಬಾಯಿಯ ಹತ್ತಿರ ಬರಬೇಕು. ಕ್ಯಾಮೆರಾ, ಮೈಕು ಎರಡೂ ಒಂದೇ ಡಬ್ಬಿಯೊಳಗೆ ಇದ್ದರೆ ಮೈಕು ಸೋಲಲೇಬೇಕು.

ಲೆಕ್ಕ ಹಾಕೋಣ. ಬಯಲಿನಲ್ಲಿ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗ. ಡೆಸಿಬೆಲ್ ಮಾನದಲ್ಲಿ ಸುಮಾರು 6ರಷ್ಟು ಕಡಿಮೆ. 3 ಮೀಟರ್ ದೂರದಲ್ಲಿದ್ದ ಮೈಕನ್ನು 30 ಸೆಂಟಿಮೀಟರಿಗೆ ತಂದರೆ ಮಾತಿನ ತೀವ್ರತೆ ನೂರು ಪಟ್ಟು, ಅಂದರೆ 20 ಡೆಸಿಬೆಲ್ ಏರುತ್ತದೆ. ಅದೇ ಹೊತ್ತಿಗೆ ಮೇಲೆ ತಿರುಗುವ ಫ್ಯಾನಿನ ಸದ್ದು ಮೊದಲು ಇದ್ದಷ್ಟೇ ಇರುತ್ತದೆ. ಒಂದು ಪೈಸೆ ಖರ್ಚಿಲ್ಲದೆ ದೊರೆಯುವ ಈ ನೂರು ಪಟ್ಟನ್ನು ಯಾವ ಯಂತ್ರವೂ ಆಮೇಲೆ ಕೊಡಲಾರದು.

ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ತನ್ನ ಅಜ್ಜಿಯ ಬೀಸುಕಲ್ಲಿನ ಪದಗಳನ್ನು ವಿಡಿಯೊ ಮಾಡಿದ್ದಳು. ಗೋಡೆಗೆ ಆನಿಸಿ ಇಟ್ಟ ಮೊಬೈಲು, ಹತ್ತು ಅಡಿ ಆಚೆ ಅಜ್ಜಿ, ನಡುವೆ ತಲೆಯ ಮೇಲೆ ಫ್ಯಾನು. ಅಜ್ಜಿಗೆ ಅದನ್ನು ಕೇಳಿಸಿದಾಗ, “ಪೋರಿ, ನನ್ನ ದನಿಕಿಂತ ನಿಮ್ಮ ಫ್ಯಾನಿನ ದನೀನ ಜೋರ ಐತಲ್ಲ!” ಎಂದು ನಕ್ಕಳಂತೆ. ಹದಿನೈದು ದಿನ ಬಿಟ್ಟು ಮತ್ತೆ ಕೂತರು. ಈ ಸಲ ಫ್ಯಾನು ಬಂದ್. ಇನ್ನೊಂದು ಮೊಬೈಲು ಅಜ್ಜಿಯ ಮಡಿಲ ಹತ್ತಿರ. ಧ್ವನಿ ಸ್ವಚ್ಛವಾಗಿ ಬಂತು. ಆದರೆ ಮೊದಲ ದಿನ ಹನ್ನೊಂದು ಪದ ಹಾಡಿದ್ದ ಅಜ್ಜಿಗೆ ಎರಡನೆಯ ಸಲ ನೆನಪಾದವು ನಾಲ್ಕೇ. ಉಳಿದ ಏಳು ಪದಗಳು ಫ್ಯಾನಿನ ಸದ್ದಿನ ಹಿಂದೆ ಇವೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಾಡುವವರು ಉಸಿರು ತೆಗೆದುಕೊಳ್ಳಲು ನಿಂತಾಗ ಫ್ಯಾನಿನ ಸದ್ದು ತಾನಾಗಿಯೇ ಉಬ್ಬಿ ಬರುವುದನ್ನು ನೀವು ಗಮನಿಸಿರಬಹುದು. ಸದ್ದು ಕಡಿಮೆಯಾದ ಕೂಡಲೆ ಮೊಬೈಲು ತನ್ನಷ್ಟಕ್ಕೆ ತಾನೇ ಮಟ್ಟವನ್ನು ಏರಿಸಿಬಿಡುತ್ತದೆ. ಅದಕ್ಕೆ ಹಾಡು ಯಾವುದು, ಫ್ಯಾನು ಯಾವುದು ಎಂಬ ಭೇದವಿಲ್ಲ. ಮಟ್ಟವನ್ನು ಕೈಯಿಂದಲೇ ಹೊಂದಿಸಲು ಬಿಡುವ ರೆಕಾರ್ಡಿಂಗ್ ಆ್ಯಪ್‌ಗಳು ಉಚಿತವಾಗಿಯೇ ಸಿಗುತ್ತವೆ. ಅವನ್ನು ಬಳಸುವುದು ಲೇಸು.

ಗೋಳಗುಮ್ಮಟವೂ ನಮ್ಮ ತರಗತಿಯೂ

ಮೈಕು ಹತ್ತಿರ ಬಂದರೂ ಕೋಣೆ ಕೈಕೊಡಬಹುದು. ಇದಕ್ಕೆ ನಮ್ಮ ಜಿಲ್ಲೆಯವರು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟದ ಮಕ್ಕಳುಂಟೆ? ಮುಹಮ್ಮದ್ ಆದಿಲ್‌ಶಾಹನ ಆ ಗೋರಿಯ ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಒಂದು ಬದಿಯಲ್ಲಿ ತಟ್ಟಿದ ಚಪ್ಪಾಳೆ ಎದುರು ಗೋಡೆಗೆ ಬಡಿದು ತಿರುಗಿ ಬರಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಹತ್ತನೆಯ ಒಂದು ಸೆಕೆಂಡಿಗಿಂತ ತಡವಾಗಿ ಬಂದ ಸದ್ದನ್ನು ಕಿವಿ ಬೇರೆಯದೆಂದು ಗುರುತಿಸುತ್ತದೆ. ಆದ್ದರಿಂದ ಅಲ್ಲಿ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ.

ನಮ್ಮ ತರಗತಿಯ ಗೋಡೆಗಳು ಏಳೆಂಟು ಮೀಟರ್ ಅಂತರದಲ್ಲಿರುತ್ತವೆ. ಅಲ್ಲಿ ಮರಳಿದ ಸದ್ದು ಬೇರೆಯಾಗಿ ಕೇಳದೆ ಮೂಲ ಮಾತಿನ ಮೇಲೆಯೇ ಬಂದು ಕೂಡುತ್ತದೆ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ! ಇದು ಅನುರಣನ. ಎದುರಿಗೆ ಕುಳಿತು ಕೇಳುವಾಗ ನಮಗಿದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಎರಡು ಕಿವಿ, ಒಂದು ಮೆದುಳು ಸೇರಿ ಬೇಕಾದ್ದನ್ನು ಆರಿಸಿಕೊಳ್ಳುತ್ತವೆ. ಒಂಟಿ ಮೈಕಿಗೆ ಆ ವಿವೇಕವಿಲ್ಲ.

ಸಿಮೆಂಟಿನ ನುಣುಪು ಗೋಡೆ, ಆರ್‌ಸಿಸಿ ಛತ್ತು, ಟೈಲ್ಸಿನ ನೆಲ – ಇವು ಸದ್ದನ್ನು ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ ಹೀರುತ್ತವೆ. ಈ ವಿಷಯದಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಯೇ ಮೇಲು. ಜೋಳದ ಚೀಲ, ಹಾಸಿಗೆ, ಬಟ್ಟೆಬರೆ ತುಂಬಿದ ಪಡಸಾಲೆಯಂತೂ ಅರ್ಧ ಸ್ಟುಡಿಯೊ ಇದ್ದಂತೆ. ಸ್ಟುಡಿಯೊದವರು ಹಣ ಕೊಟ್ಟು ಗೋಡೆಗೆ ಸ್ಪಂಜು ಹಚ್ಚಿಸುತ್ತಾರೆ. ನಮ್ಮ ಮನೆಗಳಲ್ಲಿ ಕೌದಿ ಇದೆ. ಮಾತಾಡುವವರ ಬೆನ್ನಿಗೆ ಒಂದು, ಎರಡೂ ಬದಿಗೆ ಒಂದೊಂದು ಕೌದಿಯನ್ನು ಹಗ್ಗದ ಮೇಲೆ ಇಳಿಬಿಟ್ಟು, ನೆಲಕ್ಕೊಂದು ಜಮಖಾನ ಹಾಸಿ ಮುದ್ರಿಸಿರಿ. ಕೌದಿ ಇಲ್ಲದೆಯೂ ಒಮ್ಮೆ ಮುದ್ರಿಸಿ ಎರಡನ್ನೂ ಹೋಲಿಸಿರಿ. ವಿಜ್ಞಾನ ಪ್ರದರ್ಶನಕ್ಕೆ ಇದೇ ಒಂದು ಒಳ್ಳೆಯ ಮಾದರಿ.

ಹಳ್ಳಿಯೆಂದರೆ ನಿಶ್ಶಬ್ದ ಎಂಬುದು ಪೇಟೆಯವರ ಕಲ್ಪನೆ. ಭೀಮಾ ದಂಡೆಯ ನಮ್ಮ ದೇವಣಗಾಂವದಲ್ಲಿ ಸೇತುವೆ ದಾಟುವ ಲಾರಿ, ಕಬ್ಬಿನ ಟ್ರ್ಯಾಕ್ಟರಿನ ಹಾಡು, ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಇವೆಲ್ಲ ನಿಂತಾಗ ನಾಯಿ! ರೆಕಾರ್ಡ್ ಒತ್ತುವ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿ ಕೂಡುವುದು ಒಳ್ಳೆಯ ರೂಢಿ. ಆಗ ಕೇಳುವ ಸದ್ದುಗಳಲ್ಲಿ ನಿಲ್ಲಿಸಬಹುದಾದವನ್ನು ನಿಲ್ಲಿಸಬೇಕು, ನಿಲ್ಲಿಸಲಾಗದವಕ್ಕೆ ಬೆನ್ನು ಮಾಡಿ ಜಾಗ ಬದಲಿಸಬೇಕು.

ಬಯಲಿನಲ್ಲಾದರೆ ಗಾಳಿಯದೇ ಕಾಟ. ಆಷಾಢದ ನಮ್ಮ ಗಾಳಿ ಮೈಕಿನ ಪರದೆಗೆ ನೇರವಾಗಿ ಬಡಿದು ಗುಡುಗಿನಂಥ ಸದ್ದು ಎಬ್ಬಿಸುತ್ತದೆ. ಅದಕ್ಕೆ ಸ್ಪಂಜಿನ ಟೊಪ್ಪಿಗೆ ಬೇಕು, ಇಲ್ಲವೆ ತೆಳುವಾದ ಅರಿವೆ ಸುತ್ತಬೇಕು. ಬಣವಿಯ ಮರೆಗೆ ನಿಂತರೆ ಇನ್ನೂ ಲೇಸು. ಗಾಳಿಯೂ ತಡೆದೀತು, ಸದ್ದೂ ಹೀರೀತು.

ಕನ್ನಡಕ್ಕೆಂದೇ ಒಂದು ಮಾತು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪ, ಫ, ಬ, ಭ’ ಎನ್ನಿರಿ. ‘ಫ’, ‘ಭ’ಗಳಲ್ಲಿ ಉಸಿರಿನ ಬಡಿತ ತಿಳಿಯುತ್ತದೆ. ಮೈಕು ಬಾಯಿಯ ಎದುರಿಗೇ ಇದ್ದರೆ ಪ್ರತಿ ಮಹಾಪ್ರಾಣಕ್ಕೂ ‘ಧಬ್’ ಎಂಬ ಏಟು ಬೀಳುತ್ತದೆ. ಆದ್ದರಿಂದ ಅದನ್ನು ಗದ್ದದ ಕೆಳಗೆ, ತುಸು ಓರೆಯಾಗಿ, ಒಂದು ಗೇಣಿನ ಅಂತರದಲ್ಲಿ ಇಡುವುದು ಸರಿ. ಅಂಗಿಯ ಗುಂಡಿಗೆ ಸಿಕ್ಕಿಸುವ ಸಣ್ಣ ಮೈಕು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬ್ಲೂಟೂತ್ ಕಿವಿಯೋಲೆಯ ಮೈಕನ್ನು ಮಾತ್ರ ನಂಬಬೇಡಿರಿ. ಅವುಗಳಲ್ಲಿ ಹೆಚ್ಚಿನವು ಫೋನಿನ ಮಾತಿಗೆ ಸಾಕಾಗುವಷ್ಟನ್ನೇ ಕಳಿಸುತ್ತವೆ.

ಅಂಕಿಯಾದ ಸದ್ದು

ಡಿಜಿಟಲ್ ಮುದ್ರಣದಲ್ಲಿ ಶಬ್ದತರಂಗದ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಒಂದು ಕಂಪನವನ್ನು ಹಿಡಿಯಲು ಎರಡು ಅಳತೆಗಳಿಗಿಂತ ಹೆಚ್ಚು ಬೇಕು. ಆದ್ದರಿಂದಲೇ ಸಿ.ಡಿ.ಗೆ ಸೆಕೆಂಡಿಗೆ 44,100, ವಿಡಿಯೊಗೆ 48,000 ಅಳತೆಗಳು. ಈ ಅಂಕಿಗೆ ಒಂದು ಮೇಲ್ಮಿತಿಯುಂಟು. ಡೊಳ್ಳಿನ ಏಟು ಅದನ್ನು ಮೀರಿದರೆ ತರಂಗದ ತುದಿಯೇ ಕತ್ತರಿಸಿ ಹೋಗುತ್ತದೆ, ಧ್ವನಿ ಬಿರಿಯುತ್ತದೆ. ಕತ್ತರಿಸಿದ ತುದಿ ಹೇಗಿತ್ತೆಂದು ಯಾವ ಕಂಪ್ಯೂಟರಿಗೂ ನಿಖರವಾಗಿ ಗೊತ್ತಿರುವುದಿಲ್ಲ. ಮೊದಲೇ ಒಂದು ಸಲ ಜೋರಾಗಿ ಬಾರಿಸಲು ಹೇಳಿ, ಮೀಟರು ಮೈನಸ್ 12 ಡೆಸಿಬೆಲ್‌ನ ಹತ್ತಿರ ನಿಲ್ಲುವಂತೆ ಮಟ್ಟ ಇಳಿಸಿಕೊಂಡರೆ ಚಿಂತೆಯಿಲ್ಲ.

ಡೊಳ್ಳೆಂದಾಗ ನೆನಪಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಮುಂದೆ ಡಬ್ಬಿಂಗ್ ರೂಢಿಗೆ ಬಂತು. ಸದ್ದುಗದ್ದಲದ ನಡುವೆ ಚಿತ್ರ ತೆಗೆದು, ಮಾತನ್ನು ಆಮೇಲೆ ಸ್ಟುಡಿಯೊದಲ್ಲಿ ಸೇರಿಸುವ ಪದ್ಧತಿ ಅದು. ಸ್ಥಳದಲ್ಲೇ ಮುದ್ರಿಸಿದ ಧ್ವನಿಗೆ ಕೆಲವು ವರ್ಷ ರಾಷ್ಟ್ರಪ್ರಶಸ್ತಿಯಲ್ಲಿ ಪ್ರತ್ಯೇಕ ಮನ್ನಣೆಯಿತ್ತು. 2022ರಲ್ಲಿ ಪ್ರಕಟವಾದ ಆ ಪ್ರಶಸ್ತಿ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಬಂತು. ಆದರೆ ಅದು ಡಬ್ ಮಾಡಿದ ಚಿತ್ರವೆಂದು ಅದರ ಧ್ವನಿವಿನ್ಯಾಸಕರೇ ಬಹಿರಂಗವಾಗಿ ಹೇಳಿದಾಗ ದೊಡ್ಡ ಚರ್ಚೆಯಾಯಿತು. ಚರ್ಚೆ ಏನೇ ಇರಲಿ, ನಟನಿಗೆ ಎರಡನೆಯ ಅವಕಾಶವುಂಟು. ಸ್ಟುಡಿಯೊಕ್ಕೆ ಬಂದು ಅದೇ ಮಾತನ್ನು ಮತ್ತೆ ಆಡಬಲ್ಲ. ಎಂಬತ್ತು ದಾಟಿದ ಹಾಡುಗಾರ್ತಿಗೆ ಆ ಅವಕಾಶವಿಲ್ಲ.

ಚಿತ್ರ ಒಂದು ಮೊಬೈಲಿನಲ್ಲಿ, ಧ್ವನಿ ಇನ್ನೊಂದರಲ್ಲಿ ಎಂದಾಗ ಎರಡನ್ನೂ ಕೂಡಿಸಬೇಕಲ್ಲ? ಸಿನೆಮಾದವರ ಕ್ಲ್ಯಾಪ್ ಹಲಗೆ ಇರುವುದು ಅದಕ್ಕೇ. ನಮಗೆ ಚಪ್ಪಾಳೆ ಸಾಕು. ಎರಡೂ ಯಂತ್ರ ಚಾಲೂ ಆದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ತಟ್ಟಬೇಕು. ಕೈ ಕೂಡಿದ ಚಿತ್ರವನ್ನೂ ಸದ್ದಿನ ಮೊನೆಯನ್ನೂ ಸಂಕಲನದಲ್ಲಿ ಸೇರಿಸಬೇಕು. ಕೊನೆಯಲ್ಲೂ ಒಮ್ಮೆ ತಟ್ಟಿರಿ. ಎರಡು ಮೊಬೈಲುಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಇರುವುದರಿಂದ, ಅರ್ಧ ತಾಸಿನ ಮುದ್ರಣದಲ್ಲಿ ತುಟಿಯೊಂದು ಕಡೆ ಮಾತೊಂದು ಕಡೆ ಆದೀತು.

ಆಮೇಲಿನ ರಿಪೇರಿಗೆ ಆಡಾಸಿಟಿಯಂಥ ಉಚಿತ ತಂತ್ರಾಂಶಗಳುಂಟು. ಯಾರೂ ಮಾತಾಡದ ಅರ್ಧ ನಿಮಿಷವನ್ನು ಮೊದಲೇ ಮುದ್ರಿಸಿಟ್ಟರೆ, ಆ ಬರಿ ಸದ್ದನ್ನು ತಂತ್ರಾಂಶಕ್ಕೆ ಮಾದರಿಯಾಗಿ ಕೊಟ್ಟು ಅಂಥದನ್ನು ತಗ್ಗಿಸಬಹುದು. 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆಯನ್ನು ಸೋಸಬಹುದು. ಅತಿಯಾದರೆ ಮಾತು ನೀರಿನ ಕೊಡದೊಳಗಿಂದ ಬಂದಂತಾಗುತ್ತದೆ. ತುಸು ಫ್ಯಾನು ಉಳಿದರೂ ಅಡ್ಡಿಯಿಲ್ಲ, ದನಿ ಉಳಿಯಲಿ.

ನಮ್ಮ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಪದ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅವರ ಕೈಯಲ್ಲಿದ್ದುದು ಕಾಗದ, ಲೇಖನಿ. ಪದಗಳು ಉಳಿದವು. ಹಾಡಿದವರು ಎಲ್ಲಿ ಎಳೆದರು, ಎಲ್ಲಿ ಉಸಿರು ಹಿಡಿದರು, ಕಲ್ಲು ಯಾವ ಲಯದಲ್ಲಿ ತಿರುಗಿತು ಎಂಬುದನ್ನು ಕಾಗದ ಹಿಡಿಯಲಾರದು. ಈಗ ಪ್ರತಿ ಮನೆಯಲ್ಲೂ ಅದನ್ನು ಹಿಡಿಯುವ ಯಂತ್ರವಿದೆ. ಪಾಲಕರು ‘ಯಾವಾಗಲೂ ಮೊಬೈಲು’ ಎಂದು ಗದರುವ ಮೊದಲು, ಒಂದು ಮಧ್ಯಾಹ್ನ ಅಜ್ಜ-ಅಜ್ಜಿಯರ ಮುಂದೆ ಅದನ್ನು ಹಿಡಿಸಿ ಕೂಡಿಸಿರಿ.

ಮುದ್ರಣ ಆರಂಭವಾದೊಡನೆ ಹಾಡುವವರ ಹೆಸರು, ಊರು, ತಾರೀಖನ್ನು ಗಟ್ಟಿಯಾಗಿ ಹೇಳಿಸಬೇಕು. ಕಡತದ ಹೆಸರು ಬದಲಾದರೂ ಅದು ಒಳಗೇ ಇರುತ್ತದೆ. ಮೂಲ ಕಡತ ವೇವ್ ರೂಪದಲ್ಲಿರಲಿ. ಒಂದೇ ಮೈಕಿನ ಮುದ್ರಣಕ್ಕೆ ತಾಸಿಗೆ ಸುಮಾರು 345 ಎಂಬಿ ಹಿಡಿಯುತ್ತದೆ, ಅಷ್ಟೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದಾಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ತಲುಪುತ್ತದೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಪರ ಊರಿನ ನೆಂಟರ ಕಂಪ್ಯೂಟರಿನಲ್ಲಿ.